ನಶ್ಯದ ಕುಳಿ

ಮೊಖೊಟ್ಲಾಂಗಿಗಿಂತ ಮೇಲಿನ ಈ ಕ್ಲಿನಿಕ್ಕಿನಲ್ಲಿ
ಎಕ್ಸ್‌ರೇ ಯಂತ್ರಕ್ಕೆ ಕರೆಂಟಿಲ್ಲ,
ಇದ್ದಾಗ ಫಿಲ್ಮಿಲ್ಲ, ಎರಡೂ ಇದ್ದ ದಿನ
ನಡೆಸುವ ತೆಬೊಹೊ ಮದುವೆಗೆ ಹೋಗಿರುತ್ತಾನೆ.

"ಅದಕ್ಕೇ ಬೆರಳು," ಅನ್ನುತ್ತಾಳೆ ಹಿರಿಯ ನರ್ಸ್ ಮಾತ್ಸೆಲಿಸೊ,
"ಮೊದಲು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೋ.
ತಣ್ಣನೆ ಕೈಗೆ ಹೊಟ್ಟೆ ಸುಳ್ಳು ಹೇಳುತ್ತೆ."

ಒಂದು ತಿಂಗಳಿಂದ ನನಗಿದೇ ಪಾಠ.
ಎದೆಯ ನಡುಮೂಳೆಯ ಮೇಲೆ ಬೆರಳು ಜಾರಿಸಿದರೆ
ಒಂದು ದಿಣ್ಣೆ ತಡೆಯುತ್ತೆ. ಪಕ್ಕಕ್ಕೆ ಸರಿ: ಎರಡನೇ ಪಕ್ಕೆಲುಬು.
ಅಲ್ಲಿಂದ ಎಣಿಸುತ್ತ ಇಳಿ.
ಮೊಲೆತೊಟ್ಟನ್ನು ಮಾತ್ರ ನಂಬಬೇಡ,
ಪುಸ್ತಕದಲ್ಲಿರುವುದು ಬರೆದ ಗಂಡಸಿನದು;
ಐದು ಹೆತ್ತವಳದು ಎಲ್ಲಿರುತ್ತೋ ಅಲ್ಲಿರುತ್ತೆ.

ಸೊಂಟದ ಎರಡು ಏಣುಗಳ ಮೇಲೆ ಅಂಗೈಯಿಟ್ಟು
ಹೆಬ್ಬೆರಳನ್ನು ಬೆನ್ನ ನಡುವಿಗೆ ಚಾಚು,
ಅವು ಕೂಡುವಲ್ಲಿ ನಾಲ್ಕನೆಯ ಮಣಿ.
ಕಳೆದ ವಾರ, ಜ್ವರದಲ್ಲಿ ಕತ್ತು ಸೆಟೆದ ಕುರಿ ಕಾಯುವ ಹುಡುಗ
ಮೊಣಕಾಲು ಗದ್ದಕ್ಕೆ ತಾಗಿಸಿ ಮಲಗಿದ್ದಾಗ
ಮಾತ್ಸೆಲಿಸೊ ಉಗುರಲ್ಲಿ ಗುರುತಿಟ್ಟ ಕಡೆಗೇ ಸೂಜಿ ಹೋಯಿತು.
ನಾನು ಟಾರ್ಚು ಹಿಡಿದಿದ್ದೆ. ಬೆಳಕು ನಡುಗಿತು.

ಇವತ್ತು, ಕುದುರೆಯಿಂದ ಬಿದ್ದ ಅಜ್ಜಿ ಮಾಖೊಟ್ಸೊ.
ಎಪ್ಪತ್ತೊಂದು. ಕಂಬಳಿಯೊಳಗೆ ಎಡಗೈ ಬಚ್ಚಿಟ್ಟು
"ನನಗೇನಾಗಿಲ್ಲ, ಕುದುರೆ ನೋಡಿ," ಅನ್ನುತ್ತಾಳೆ.
ಊತ ಅಷ್ಟಿಲ್ಲ. ಮುಷ್ಟಿ ಕೂಡ ಕಟ್ಟುತ್ತಾಳೆ.
ಹೆಬ್ಬೆರಳು ನಿಗುರಿಸಲು ಹೇಳಿದೆ:
ಅದರ ಬುಡದಲ್ಲಿ ಎರಡು ಹುರಿ ಎದ್ದು
ನಡುವೆ ಪುಟ್ಟದೊಂದು ಕುಳಿ ಬಿತ್ತು.

ನಶ್ಯದ ಕುಳಿ ಅಂತಲೇ ಪರೀಕ್ಷೆಯಲ್ಲಿ ಬರೆದಿದ್ದೆ.
ಇಲ್ಲಿ ನಿಜಕ್ಕೂ ನಶ್ಯವಿತ್ತು,
ಸುಕ್ಕಿನ ಗೆರೆಗಳಲ್ಲಿ ಕಂದು ಕೂತುಹೋಗಿ.

ಒರೆಸಿ, ತೋರುಬೆರಳ ತುದಿಯಿಂದ ಒತ್ತಿದೆ.
ಹೊರಗೆ ಕಟ್ಟಿದ್ದ ಕುದುರೆ ಕಿವಿ ನಿಮಿರಿಸುವಂಥ ಬೈಗುಳ!
ಮಾತ್ಸೆಲಿಸೊ ನಕ್ಕಳು. "ಸಿಕ್ಕಿತಲ್ಲ.
ದೋಣಿಯಂಥ ಎಲುಬು ಅದು, ಮುರಿದರೂ
ಎಷ್ಟೋ ಸಲ ಫಿಲ್ಮಿಗೆ ಮೊದಲ ವಾರ ಬಾಯಿ ಬಿಡೋಲ್ಲ.
ಪಟ್ಟಿ ಹಾಕು."

ಪ್ಲಾಸ್ಟರ್ ಆರುವಾಗ ಅಜ್ಜಿ ಕೇಳಿದಳು,
"ನಲವತ್ತು ವರ್ಷ ಅಲ್ಲೇ ಪುಡಿ ಇಟ್ಟು ಏರಿಸಿದೆ,
ಕೆಳಗೊಂದು ದೋಣಿಯಿದೆ ಅಂತ ಒಬ್ಬರೂ ಹೇಳಲಿಲ್ಲ.
ಈ ಬೆಟ್ಟದಲ್ಲಿ ದೋಣಿ ಯಾತಕ್ಕೆ?"
ನನಗೆ ಗೊತ್ತಿರಲಿಲ್ಲ.

ಆಮೇಲೆ ಡಬ್ಬಿ ನನ್ನ ಕೈಗೆ ಕೊಟ್ಟು
ಬಲಗೈ ಚಾಚಿದಳು, ಹೆಬ್ಬೆರಳು ನಿಗುರಿಸಿ, ಹೇಳದೆಯೇ.
ಒಂದು ಚಿಟಿಕೆ ಉದುರಿಸಿದೆ.
ಕುಳಿಯ ತಳದಲ್ಲಿ ಹಾಯುವ ನಾಡಿಗೆ
ಪುಡಿಯ ಗುಪ್ಪೆ ಸಣ್ಣಗೆ ಅದುರುತ್ತಿತ್ತು.
ಗಡಿಯಾರ ನೋಡುತ್ತ ಎಣಿಸತೊಡಗಿದೆ.

ಇಪ್ಪತ್ತಾರಕ್ಕೆ ಅವಳು ಮೂಗು ಬಗ್ಗಿಸಿದಳು.