ಗೋಡೆಯ ಹೊಟ್ಟೆ

ಕಟ್ಟುವವನಿಗೆ ಕೆಡವಲು ಕರೆ ಬಂತು.
ದೆಜ್ಫೂಲಿನ ಹಳೇ ಓಣಿ, ನದಿಗೆ ಇಳಿಯುವ ತಿರುವು,
ನಲವತ್ತೇಳು ಬೇಸಿಗೆಯ ಹಿಂದೆ
ಉಸ್ತಾ ಮಂದನಿಯೇ ಕಟ್ಟಿದ ಮನೆ.
ಗುತ್ತಿಗೆದಾರನಿಗೆ ಅದು ಗೊತ್ತಿರಲಿಲ್ಲ.
ದಿನಕ್ಕಿಷ್ಟು ಅಂದ. ಇವನು ಹೂಂ ಅಂದ.

ನಾನು ಗಾರೆ ಕಲಸುವವನು.
ಹನ್ನೊಂದು ವರ್ಷದಿಂದ ಕೆಳಗೆ ನಿಂತು
ಸಾರವೆಯ ಮೇಲಿನವನಿಗೆ ಇಟ್ಟಿಗೆ ಎಸೆಯುತ್ತಿದ್ದೇನೆ.
ನೋಡದೆ ಹಿಡಿಯುತ್ತಾನೆ.
ಅಂಗೈಯಲ್ಲೇ ಒಂದು ಸುತ್ತು ತಿರುವಿ
ಚಂದದ ಮುಖವನ್ನು ಬೀದಿಗೆ ಮಾಡಿ ಕೂರಿಸಿ
ಕರಣೆಯ ಹಿಡಿಯಿಂದ ಒಂದೇ ಟಕ್.
ಎರಡನೇ ಟಕ್ ಕೇಳಿಸಿದರೆ
ಉಸ್ತಾನಿಗೆ ಅವತ್ತು ಜ್ವರ.

ಬೆಂದದ್ದೋ ಹಸಿಯೋ ಎಂದು
ನಾದದಲ್ಲೇ ಹೇಳುವ ಕಿವಿ
ಮಗಳು ಊಟಕ್ಕೆ ಕೂಗಿದರೆ ಕೇಳುವುದಿಲ್ಲ.
ಬೆರಳ ಗೆರೆಗಳನ್ನು ಸುಣ್ಣ ತಿಂದುಬಿಟ್ಟಿದೆ.
ಬ್ಯಾಂಕಿನ ಗಾಜಿನ ಯಂತ್ರ ಮೂರು ಸಲ
ಇಂಥವನು ಯಾರೂ ಇಲ್ಲ ಅಂದಿತಂತೆ.
ನಾಲ್ಕನೇ ಸಲ ಇವನು
ತೋಳಿನಿಂದ ಗಾಜು ಒರೆಸಿಕೊಟ್ಟು ಹೊರಟುಬಂದ.

ಕೆಡವುವುದು ಮೇಲಿನಿಂದ.
ಕೊನೆಗೆ ಬಂದವರು ಮೊದಲು ಎದ್ದು ಹೋಗಬೇಕು,
ಮದುವೆ ಮನೆಯ ಉಲ್ಟಾ.
ಹಾರೆ ಹಾಕಯ್ಯಾ, ಸಂಜೆಯೊಳಗೆ ಮುಗಿಸು ಅಂದರೆ
ಹಾರೆ ಲಾರಿಯಲ್ಲೇ ಇರಲಿ ಅಂದು
ಸಂದಿಗೆ ಉಳಿ ಇಟ್ಟ.
ಒಂದೊಂದೇ ಬಿಡಿಸಿ, ಹೆರೆದು, ಊದಿ,
ನೂರರ ಒಟ್ಟಿಲು ಮಾಡಿ ಜೋಡಿಸಿದ.

ಬಾಗಿಲ ನೆತ್ತಿಯ ಮೇಲೆ ಅವನ ಇಟ್ಟಿಗೆಯ ನೇಯ್ಗೆ.
ಒಂದು ಮುಂದೆ, ಒಂದು ಅರ್ಧ ಬೆರಳು ಹಿಂದೆ,
ಬಣ್ಣವೆಂದರೆ ನೆರಳು, ಅಷ್ಟೇ.
ಬೆಳಿಗ್ಗೆ ನಕ್ಷತ್ರ, ಇಳಿಹೊತ್ತಿಗೆ ಮೀನಿನ ಬೆನ್ನು.
ಅದರ ನಕ್ಷೆ ಎಲ್ಲಿ ಎಂದು ಒಬ್ಬ ಎಂಜಿನಿಯರ್ ಕೇಳಿದ್ದಕ್ಕೆ
ಷರಾಯಿ ಎತ್ತಿ ಮಂಡಿ ತೋರಿಸಿದ್ದನಂತೆ.
ನೆಲದಲ್ಲಿ ಜೋಡಿಸಿ ಜೋಡಿಸಿ
ಕರಿಗಟ್ಟಿದ ಎರಡು ಮಂಡಿ.

ಯುದ್ಧದ ವರ್ಷ ಎರಡು ಮನೆ ಆಚೆಗೆ ಕ್ಷಿಪಣಿ ಬಿತ್ತು.
ಮನೆಯವರೆಲ್ಲ ಕೆಳಗೆ, ನೆಲದಡಿಯ ತಂಪುಕೋಣೆಯಲ್ಲಿ.
ಬೆಳಗಾದಾಗ ಓಣಿಯೆಲ್ಲ ಹಿಟ್ಟು ಚೆಲ್ಲಿದ ಹಾಗೆ,
ನಡುವೆ ಈ ಗೋಡೆ, ಬಿರುಕಿಲ್ಲ.
ಯಜಮಾನ ಶೀರ್ಮೊಹಮ್ಮದ್ ಓಡೋಡಿ ಬಂದು
ಇವನ ಕೈಗೆ ಮುತ್ತಿಟ್ಟ, ಜನರೆದುರು.
ಈ ಕತೆ ಊರಿಗೆಲ್ಲ ಗೊತ್ತು.
ಉಸ್ತಾನ ಬಾಯಲ್ಲಿ ಮಾತ್ರ ಒಂದು ದಿನವೂ ಕೇಳಿಲ್ಲ.

ಮೂರನೇ ದಿನ, ಅಡುಗೆಮನೆಯ ಗೋಡೆ,
ಎದೆಯೆತ್ತರಕ್ಕೆ ಬಂದಾಗ ಉಳಿ ನಿಂತಿತು.
ಬಗ್ಗಿ ನೋಡಿದೆ.
ಎರಡು ಮುಖಗಳ ನಡುವೆ ಇಟ್ಟಿಗೆಯೇ ಇಲ್ಲ.
ಚೂರು, ಒಣಮಣ್ಣು, ಖರ್ಜೂರದ ಬೀಜ,
ಮುದುಡಿದ ಒಂದು ಸಿಗರೇಟು ಪೊಟ್ಟಣ.
ಹೊರಗಿನಿಂದ ದಾರ ಹಿಡಿದಷ್ಟು ನೇರ.
ಮೂರು ಮೊಳ ಉದ್ದ ಹೀಗೇ.

ಗುರುವಾರ, ಅಂದ ಬಹಳ ಹೊತ್ತಾದ ಮೇಲೆ.
ಗುರುವಾರ ಸಂಜೆ. ನನಗೆ ಹತ್ತೊಂಬತ್ತು.
ಮೇಸ್ತ್ರಿ ನಿದ್ದೆ ಹೋಗಿದ್ದ.
ಸೇತುವೆ ಕೆಳಗೆ ಗೆಳೆಯರು ಈಜಲು ಕಾಯುತ್ತಿದ್ದರು.

ನಾನು ನಕ್ಕುಬಿಟ್ಟೆ.
ನಿಂತಿತ್ತಲ್ಲ ಉಸ್ತಾ, ಕ್ಷಿಪಣಿಗೂ ಬೀಳಲಿಲ್ಲವಲ್ಲ!
ಅವನು ನಗಲಿಲ್ಲ.
ಮುತ್ತಿಟ್ಟಿದ್ದ ಕೈಯನ್ನೇ ತಿರುಗಿಸಿ ನೋಡಿಕೊಂಡ,
ಮತ್ತೆ ಉಳಿ ತೆಗೆದುಕೊಂಡ.
ಖರ್ಜೂರದ ಬೀಜಗಳು ಏನಾದವೋ ತಿಳಿಯದು,
ಸಂಜೆ ಕಸದಲ್ಲಿ ಕಾಣಲಿಲ್ಲ.

ಶನಿವಾರ ಬೇರೆ ಕೆಲಸ, ಶಾಲೆಯ ಕಾಂಪೌಂಡು.
ಪಾಯ ಮುಗಿದು ಎರಡು ವರಸೆ ಎದ್ದಿತ್ತು.
ಗುದ್ದಲಿ ಕೆಳಗಿಡು ಅಂದ.
ತನ್ನ ಕರಣೆ ತಿರುಗಿಸಿ ಹಿಡಿಯನ್ನು ನನ್ನ ಕಡೆ ಚಾಚಿದ.
ಹನ್ನೊಂದು ವರ್ಷದಲ್ಲಿ ಮೊದಲ ಸಲ.

ಮುಖ ನಾನು ಕಟ್ಟುತ್ತೇನೆ.
ಹೊಟ್ಟೆ ನಿನ್ನದು.

ಅದರ ಹಿಡಿಯಲ್ಲಿ ಅವನ ಹೆಬ್ಬೆರಳು ಕೊರೆದ ಗುಳಿ,
ನನ್ನ ಹೆಬ್ಬೆರಳಿಗೆ ದೊಡ್ಡದು.
ಗಾರೆ ಹರಡಿದೆ. ಇಟ್ಟಿಗೆ ಕೂರಿಸಿದೆ. ಟಕ್.
ಮಟ್ಟ ನೋಡಿ, ಮನಸ್ಸು ತಡೆಯದೆ,
ಮೆಲ್ಲಗೆ, ಯಾರಿಗೂ ಕೇಳದಷ್ಟು ಮೆಲ್ಲಗೆ, ಇನ್ನೊಂದು.

ಗೋಡೆಯ ಆಚೆ ಬದಿಯಿಂದ
ಆ ಕಿವುಡ ಕೇಳಿದ:
ಜ್ವರವೇನೋ?