ಮೇಲಿನ ಸಾಲು

ಕೋಲಾರದ ಮಂಡಿಯಲ್ಲಿ ನನ್ನ ಕೈಗೆ ಒಳ್ಳೆಯ ಹೆಸರು.
ಹದಿನೈದು ಕೇಜಿಯ ಬಾಕ್ಸು: ತಳಕ್ಕೆ ಚುಕ್ಕೆ ಬಿದ್ದದ್ದು,
ನಡುವೆ ಕಾಯಿ, ದೋರೆ,
ಮೇಲೊಂದು ಸಾಲು. ಆಹಾ, ಆ ಸಾಲು!
ತೊಟ್ಟು ಕೆಳಗೆ, ಕೆಂಪು ಮೇಲೆ,
ಟವೆಲ್ಲಿನ ತುದಿಯಲ್ಲಿ ಒರೆಸಿದ ಹೊಳಪು.
ಕೊಳ್ಳುವವನಿಗೂ ಗೊತ್ತು, ನನಗೂ ಗೊತ್ತು,
ಇಬ್ಬರಿಗೂ ಗೊತ್ತಿದ್ದರೆ ಅದು ಮೋಸವಲ್ಲ, ರೂಢಿ
ಎಂದು ಅಪ್ಪ ಹೇಳಿಕೊಟ್ಟಿದ್ದ,
ಪ್ರಾರ್ಥನೆ ಹೇಳಿಕೊಟ್ಟ ಬಾಯಲ್ಲೇ.

ಭಾನುವಾರ ಇದೇ ಕೈ ಪಾಠದ ಪುಟ ತಿರುವುತ್ತದೆ.
ಇಸ್ತ್ರಿ ಅಂಗಿ, ತಲೆಗೆ ಎಣ್ಣೆ, ಗಂಟಲಿಗೊಂದು ಲವಂಗ.
ನನ್ನ ಆಮೆನ್ ಕೊನೆಯ ಬೆಂಚಿನವರೆಗೂ ಕೇಳುತ್ತದಂತೆ.
ನನಗೆ ಮಾತ್ರ ಅದರ ಹಿಂದೆಯೇ
ಮಂಡಿಯವನು ರೇಟು ಕೂಗುವುದು ಕೇಳುತ್ತಿರುತ್ತದೆ.

ಈ ಸಲ ಸುಗ್ಗಿಯ ಆರಾಧನೆಗೆ
ಮೊದಲ ಕೊಯ್ಲಿನ ಬುಟ್ಟಿ ತುಂಬುವಾಗ
ನಾನೇನೂ ಯೋಚಿಸಿರಲಿಲ್ಲ.
ದೇವರಿಗೆ ಮೋಸ ಮಾಡುವಷ್ಟು ಧೈರ್ಯ ನಮ್ಮ ವಂಶದಲ್ಲೇ ಇಲ್ಲ.
ಕೈ ತುಂಬಿತು.
ಕೈಗೆ ಗೊತ್ತಿದ್ದ ಹಾಗೆ ತುಂಬಿತು.

ಬಲಿಪೀಠದ ಮುಂದೆ ರಾಗಿ ತೆನೆ, ಅವರೆಕಾಯಿ, ಕುಂಬಳ,
ಯಾರದೋ ಹುಂಜ, ಕಾಲು ಕಟ್ಟಿಸಿಕೊಂಡು
ಕೀರ್ತನೆಯ ನಡುನಡುವೆ ಕೂಗುತ್ತ.
ಅಯ್ಯನವರು ಕೈಯೆತ್ತಿ ಎಲ್ಲವನ್ನೂ ಒಟ್ಟಿಗೇ ಆಶೀರ್ವದಿಸಿದರು,
ಇದು ಮೇಲಿನದಾ, ಇದು ತಳದ್ದಾ ಎಂದು ಬಿಡಿಸಿ ಕೇಳದೆ.

ಆಮೇಲೆ ಅಂಗಳದಲ್ಲಿ ಹರಾಜು.
ಎಲೀಷ ಮೇಷ್ಟ್ರು ನನ್ನ ಬುಟ್ಟಿ ಎತ್ತಿ ಹಿಡಿದರು,
ನೋಡಿ, ಕಾಣಿಕೆ ಅಂದರೆ ಹೀಗಿರಬೇಕು!
ನೂರು. ನೂರಿಪ್ಪತ್ತು.
ಆಸ್ಪತ್ರೆಯಲ್ಲಿ ಆಯಾ ಆಗಿದ್ದ ದಯಾಮಣಿಯಮ್ಮ
ಸೆರಗಿನ ಗಂಟು ಬಿಚ್ಚಿ, ಇನ್ನೂರು ಅಂದಳು.
ಅವತ್ತು ಮಂಡಿಯಲ್ಲಿ ಕೇಜಿಗೆ ಆರು ರೂಪಾಯಿ.
ದೇವರ ಹಣ್ಣಲ್ಲವಾ, ಅಂದಳು.

ಹೊಂಗೆಯ ನೆರಳಲ್ಲಿ ಕೂತು ಮಡಿಲಿಗೆ ಸುರಿದುಕೊಂಡಳು.
ಚಪ್ಪಲಿ ಹುಡುಕುವ ನೆಪದಲ್ಲಿ ನಾನು ಅಲ್ಲೇ ಇದ್ದೆ.
ಮೇಲಿನ ಸಾಲು ಅಡಿಗೆ ಹೋಯಿತು, ತಳದ್ದು ಮೇಲೆ ಬಂತು,
ಬುಟ್ಟಿ ಬೋರಲಾದರೆ ಆಗುವುದು ಅಷ್ಟೇ.
ಆಯಮ್ಮ ಬೈಯಲಿಲ್ಲ.
ಮೂರನ್ನು ಬೆರಳಲ್ಲಿ ಒತ್ತಿ ನೋಡಿ
(ಎಷ್ಟೋ ಜನರ ಗಾಯ ತೊಳೆದ ಬೆರಳು)
ಕೆಟ್ಟಷ್ಟನ್ನೇ ಉಗುರಲ್ಲಿ ತೆಗೆದು, ಉಳಿದದ್ದನ್ನು ಒರೆಸಿ,
ಇವು ಇವತ್ತೇ ಸಾರಿಗಾಗಬೇಕು ಕಣಪ್ಪ, ನಾಳೆಗೆ ಇರಲ್ಲ, ಅಂದಳು
ನನ್ನ ಮುಖ ನೋಡದೆ.
ನೋಡಿದ್ದಳೋ ಏನೋ. ನಾನು ನೋಡಲಿಲ್ಲ.

ಅಂಗಳದಿಂದ ಅಂತರಗಂಗೆಯ ಬೆಟ್ಟ ಕಾಣುತ್ತದೆ.
ಅಲ್ಲಿ ಕಲ್ಲುಬಸವನ ಬಾಯಿಂದ ನೀರು ಬೀಳುತ್ತದೆ.
ಒಳಗೆ ಎಲ್ಲಿಂದ ಬರುತ್ತೋ ಕಂಡವರಿಲ್ಲ,
ಎನ್ನುತ್ತಾನೆ ಪಕ್ಕದ ಹೊಲದ ಮುನಿಶಾಮಿ.
ಹುಡುಗರಾಗಿದ್ದಾಗ ಇಬ್ಬರೂ ಬೊಗಸೆಯೊಡ್ಡಿ ಕುಡಿದಿದ್ದೇವೆ.
ಅಂಗಿ, ಲವಂಗ, ಆಮೆನ್, ಬುಟ್ಟಿ,
ಇವೆಲ್ಲ ಬರೀ ಕಲ್ಲು ಅಂತ ನನಗೆ ಬೇಜಾರಿಲ್ಲ.
ಒಳಗಿನ ನೀರಿಗೂ ಒಂದು ಬಾಯಿ ಬೇಕು.
ನನ್ನ ಭಯ ಬೇರೆ:
ಹಿಂದೆ ಬೆಟ್ಟವೇ ಇಲ್ಲದೆ
ಬಾಯಿ ಮಾತ್ರ ತೆರೆದು ನಿಂತಿದ್ದೇನಾ
ಇಷ್ಟು ವರ್ಷ?

ಮಂಗಳವಾರ, ಬೆಳಗಿನ ಜಾವ ನಾಲ್ಕು.
ಟಾರ್ಚು ಕಂಕುಳಲ್ಲಿಟ್ಟು ಬಾಕ್ಸು ತುಂಬುತ್ತಿದ್ದೇನೆ.
ಚುಕ್ಕೆಯದು ಸಿಕ್ಕಿದೊಡನೆ ಕೈ ತಳಕ್ಕೆ ಹೋಗುತ್ತದೆ.
ತಡೆಯುತ್ತೇನೆ. ಮತ್ತೆ ಹೋಗುತ್ತದೆ.
ನಲವತ್ತರಲ್ಲಿ ಹನ್ನೊಂದನ್ನು ಸುರಿದು, ಆರಿಸಿ, ಮತ್ತೆ ತುಂಬಿದೆ.
ಮಿಕ್ಕವು ಹಾಗೇ ಹೋದವು, ಟೆಂಪೋದವನು ಹಾರನ್ ಹೊಡೆಯುತ್ತಿದ್ದ.

ಬಾಗಿಲಲ್ಲಿ ನಿಂತು ಸುಗಂಧಿ ಕೇಳಿದಳು,
ತುಂಬಿದ್ದನ್ನ ಯಾಕೆ ಬೋರಲು ಹಾಕ್ತೀರ?
ಪ್ರಾರ್ಥನೆ ಮಾಡ್ತಿದ್ದೀನಿ ಅನ್ನಬೇಕೆನಿಸಿತು.
ನಾಚಿಕೆಯಾಯಿತು.
ಈ ಚುಕ್ಕೆಯವನ್ನ ಬೇರೆ ಎತ್ತಿಡು,
ಇವತ್ತು ಸಾರಿಗಾಗುತ್ತೆ, ಅಂದೆ.