ಮೊಳೆ ಬಿಚ್ಚಿದ ಸಂಜೆ

ಆ ಫೈನಲ್ ನಾ ನೋಡಿಲ್ಲ.
ಮೊದಲ ಹೇಳಿಬಿಡ್ತೇನಿ, ಆಮ್ಯಾಲೆ ಜಗಳ ಬ್ಯಾಡ.
ಬೆಟಗೇರಿಯೊಳಗ ಈಗ ಯಾರನ್ನ ಕೇಳಿದರೂ
ಗೋಲ್‌ಕಂಬದ ಹಿಂದನ ನಿಂತಿದ್ದೆ ಅಂತಾರ.
ಅಷ್ಟು ಮಂದಿ ನಿಂತಿದ್ದರ
ಕಂಬ ಮುರೀತಿತ್ತು.

ನಾ ಇದ್ದದ್ದು ಛಾಪಖಾನೆಯೊಳಗ,
ಹಾಕಿ ಮೈದಾನದ ಗ್ವಾಡಿಗೆ ಬೆನ್ನು ಹಚ್ಚಿದ ಕೋಲಿ,
ಒಂದ ಕಿಡಕಿ, ಅದೂ ಎತ್ತರಕ್ಕ.
ನನ್ನ ಕೈಯಾಗೂ ಸ್ಟಿಕ್ಕಿತ್ತು,
ಮೊಳೆ ಜೋಡಿಸೋದು, ಕಬ್ಬಿಣದ್ದು.

ಹಾಫ್‌ಟೈಮಿಗೆ ಅಂದಾನಪ್ಪ ಮಾಲಕರು ಬಂದರು,
ಚಪ್ಪಲಿ ಸಪ್ಪಳದಾಗ ಗೊತ್ತಾತು.
'ಮೂರು ಸೊನ್ನೆ. ರೇಲ್ವೆ ಮಂದಿ ನಮ್ಮ ಹುಡುಗರನ್ನ
ಹೊಟ್ಟು ತೂರಿಧಂಗ ತೂರ್ಯಾರ.
ರೋಣದ ಕಟ್ಟು ಆರರ ಬಸ್ಸಿಗೆ ಹೋಗಬೇಕು.
ಹೆಡ್ಡಿಂಗ್ ಈಗ ಜೋಡಿಸು.'

ಜೋಡಿಸಿದೆ.
ಹುಬ್ಬಳ್ಳಿಗೆ ಬೆಳ್ಳಿ ಬಟ್ಟಲು.
ದೊಡ್ಡ ಮೊಳೆಯೊಳಗ 'ಳ್ಳಿ' ಇದ್ದದ್ದು ಎರಡ,
ಎರಡೂ ಹೊಂದಿದವು.
ಸೋಲು ಇಷ್ಟು ಚಂದ ಕೂಡಬಾರದು.

ಆಮ್ಯಾಲೆ ಕಿಡಕಿಯಿಂದ ಒಂದು ಕೂಗು.
ಸಣ್ಣದು. ಹಾಲು ಉಕ್ಕಿದಾಗ ಮನಿಯಾಕಿ ಒದರ್ತಾಳಲ್ಲ, ಅಷ್ಟ.
ಮಾಲಕರು ಪ್ರೂಫಿನಿಂದ ಕಣ್ಣು ಎತ್ತಲಿಲ್ಲ.
'ಮರ್ಯಾದಿಗೆ ಒಂದು' ಅಂದರು.

ಎರಡನೇದಕ್ಕ ಕೇಸಿನ್ಯಾಗಿನ ಮೊಳೆ ಅಲುಗಿದವು.
ಬಾಜೂ ಓಣಿಯೊಳಗ ಮಗ್ಗ ನಿಂತವು,
ಒಂದಾದ ಮ್ಯಾಲೊಂದು.
ಹುಟ್ಟಿದಾಗಿಂದ ಕೇಳಿದ ಖಟ್‌ಖಟ್ ನಿಂತರ
ಕಿವಿನ ಹೋಧಂಗ ಆಕ್ಕೈತಿ.
ವಿಠ್ಠಲಸಾ ಬಣ್ಣದ ಕೈಲೇನ ಓಡಿದ,
ಅವನ ಹಿಂದ, ಬಾಣಂತಿ ಒಬ್ಬಾಕಿನ್ನ ಬಿಟ್ಟು, ಇಡೀ ಓಣಿ.

ಮೂರನೇದು ಹೆಂಗಾತು?
ಸಾಲೋಮನ್ ಬರಿಗಾಲಲೆ ಹೊಡದಾ ಅಂತಾರ ಕೆಲವರು.
ಬೂಟಿದ್ದವು, ನಾನ ಕೊಡಿಸಿದ್ದೆ ಅಂತಾನ ಅವನ ಮಾವ.
ನನಗ ಗೊತ್ತಿದ್ದದ್ದು ಇಷ್ಟ:
ಗ್ವಾಡಿಯ ಸುಣ್ಣ ಉದುರಿ
ನನ್ನ ಸಾಲಿನ ಮ್ಯಾಲೆ ಬಿತ್ತು.
ಊದಿದೆ. ಹೋಗಲಿಲ್ಲ.

ಮುಂದ ಏನೂ ಇಲ್ಲ.
ಒಂದು ಊರು ಹತ್ತು ಮಿನಿಟು ಉಸಿರು ಹಿಡದರ
ಏನು ಕೇಳಸ್ತೈತಿ ಗೊತ್ತೇನು?
ಗಡಿಯಾರ ಕೇಳಸ್ತೈತಿ.
ಮಾಲಕರ ಹೊಟ್ಟಿ ಕೇಳಸ್ತೈತಿ.
ಬಾಗಲಾಗ ಬಸ್ಸಿನಾಂವ ಹಾರ್ನು ಹೊಡದ, ಒಮ್ಮೆ, ಇನ್ನೊಮ್ಮೆ.
ಮೂರನೇ ಸಲ ಹೊಡೀಲಿಲ್ಲ,
ಅಂವನೂ ಇಳದು ಹೋಗಿದ್ದ.

ಸುದ್ದಿ ತಂದಾಂವ ಖಾದರನ ಸಣ್ಣ ಮಗ.
ಒಂದ ಕಾಲಾಗ ಚಪ್ಪಲಿ, ಮಾತು ಬರವಲ್ದು,
ನಾಕು ಬೆರಳು ತೋರಿಸಿದ.
'ಯಾರದಲೇ?' ಅಂದೆ.
ತನ್ನ ಎದಿ ಮುಟ್ಟಿ ತೋರಿಸಿ ಅಳಾಕ ಹತ್ತಿದ.

ಬಿಚ್ಚಿದೆ.
'ಬೆಳ್ಳಿ ಬಟ್ಟಲು' ಇದ್ದಲ್ಲೇ ಇರಲಿ, ಅದಕ್ಕ ಊರಿಲ್ಲ.
ಹುಬ್ಬಳ್ಳಿಯಷ್ಟ ಕಿತ್ತೆ, ಒಂದೊಂದ ಅಕ್ಷರ,
ಮಲಗಿದಾಂವನ ಅಂಗಿ ಗುಂಡಿ ಬಿಚ್ಚಿಧಂಗ, ಮೆತ್ತಗ.
ಅವರೂ ವರ್ಕ್‌ಶಾಪಿನ ಹುಡುಗರು,
ಮೂರು ಗೋಲು ಹೊಡದ ಕೈ
ನಾಳೆ ನಸುಕಿಗೆ ಸುತಗಿ ಹಿಡೀಬೇಕು.

ಬೆಟಗೇರಿಗೆ 'ಬೆ' ಬೇಕಾತು.
ಇದ್ದ ಒಂದು ಬೆಳ್ಳಿಯೊಳಗ ಕೂತಿತ್ತು.
ಇನ್ನೊಂದು ಕೇಸಿನ ತಳಕ್ಕ, ತಲಿ ಮುಕ್ಕಾದದ್ದು,
ಎರಡು ವರ್ಷದಿಂದ ಕರಗಸಾಕ ಇಟ್ಟದ್ದು.
ಅದನ್ನ ಎಲ್ಲಾರ ಮುಂದ ನಿಲ್ಲಿಸಿದೆ.

ಉಲ್ಟಾ ಅಕ್ಷರ ಓದೂದ ನನ್ನ ಹೊಟ್ಟಿಪಾಡು,
ಕಾಗದ ಎತ್ತೂತನಕ ಯಾವುದೂ ನೆಟ್ಟಗಿಲ್ಲ ಅಂತ
ಬೆರಳಿಗೆ ಗೊತ್ತಿತ್ತು.
ಮೂರು ಸೊನ್ನೆ ಅಂದಾಗ
ಬೆರಳನ್ನ ಕೇಳಲಿಲ್ಲ.

ಆ ಪೇಪರಿನ ಒಂದು ಪ್ರತಿ ಇನ್ನೂ ಟ್ರಂಕಿನ್ಯಾಗೈತಿ.
ಮೊದಲ ಅಕ್ಷರ ಅರ್ಧ ಮೂಡೇತಿ,
ಮಸಿ ಕಡಿಮಿ ಅಂದಿದ್ದರು ಮಾಲಕರು, ಹೂಂ ಅಂದಿದ್ದೆ.
ಬೆಳ್ಳಿಯ ಮ್ಯಾಲೆ ಒಂದು ಬಿಳಿ ಚುಕ್ಕಿ,
ಸುಣ್ಣದ್ದು.
ಮೂರನೇ ಗೋಲು ನಾ ನೋಡಿದ್ದು ಅಷ್ಟ.